ಮೀಸೆ ಕಾಣದ ಅಂಗಡಿಗೆ

ಆನ್‌ಲೈನ್ ಅಂಗಡಿಯ ಮಾಲೀಕರಿಗೆ, ಅಫಜಲಪುರ ತಾಲ್ಲೂಕಿನ ಮಣ್ಣೂರಿನಿಂದ ಶರಣು ಶರಣಾರ್ಥಿ.

ನೀವು ಕಳಿಸಿದ ಡೈವಿಂಗ್ ಮಾಸ್ಕು ಮುಟ್ಟಿದೆ. ಡಬ್ಬಿಯ ಮೇಲೆ ‘ಎಲ್ಲ ಮುಖಗಳಿಗೂ ಹೊಂದುತ್ತದೆ’ ಎಂದಿದೆ. ಇಷ್ಟು ಧೈರ್ಯದ ಮಾತನ್ನು ನಮ್ಮ ಕಡೆ ಚುನಾವಣೆಗೆ ನಿಂತವರೂ ಆಡುವುದಿಲ್ಲ.

‘ಮಣ್ಣೂರಿಗ್ಯಾಕ್ರಿ ಇದು?’ ಎಂದು ಡಬ್ಬಿ ತಂದ ಹುಡುಗನೇ ಕೇಳಿದ. ನ್ಯಾಯವಾದ ಪ್ರಶ್ನೆ. ನಮ್ಮ ಭೀಮೆ ಬೇಸಿಗೆಯಲ್ಲಿ ಮೊಣಕಾಲು ತೋಯಿಸಲೂ ಜಿಪುಣತನ ಮಾಡುತ್ತಾಳೆ. ಉಜನಿ ಅಣೆಕಟ್ಟಿನ ಗೇಟು ಎತ್ತಿದರೋ, 2020ರ ಅಕ್ಟೋಬರಿನಲ್ಲಿ ಬಂದಂತೆ ಹೊಲ ಮನೆ ನೋಡದೆ ಬರುತ್ತಾಳೆ. ಆ ನೀರಿನ ಬಣ್ಣ ಚಹಾದ್ದು. ಅದರಲ್ಲಿ ಮಾಸ್ಕು ಹಾಕಿದವನಿಗೂ ಹಾಕದವನಿಗೂ ಕಾಣುವುದು ಒಂದೇ. ನಾನು ಕೊಂಡದ್ದು ಅಣ್ಣನ ಮಗನ ಹಟಕ್ಕೆ. ಮುರುಡೇಶ್ವರದಿಂದ ಸಮುದ್ರದಲ್ಲಿ ಸುಮಾರು 19 ಕಿ.ಮೀ. ಹೋದರೆ ನೇತ್ರಾಣಿ ದ್ವೀಪ. ಅಲ್ಲಿ ನೀರಿಗಿಳಿದು ಮೀನು ನೋಡಬೇಕಂತೆ, ಕಾಕಾನೂ ಜೊತೆಗೆ ಬರಬೇಕಂತೆ.

ಹೊಳೆಗಿಳಿಯುವ ಸಾಮಾನನ್ನು ನಾನು ಮೊದಲು ಕೊಂಡದ್ದು ಪಂಕ್ಚರ್ ಅಂಗಡಿಯಲ್ಲಿ. ಈಜು ಕಲಿಯಲು ಲಾರಿಯ ಹಳೇ ಟ್ಯೂಬು. ಅಂಗಡಿಯ ಮಾಮಾ ಹವಾ ತುಂಬಿ, ನೀರಿನ ಬುಟ್ಟಿಯಲ್ಲಿ ಅದನ್ನು ಸುತ್ತಲೂ ಅದ್ದಿ, ಗುಳ್ಳೆ ಏಳುತ್ತದೋ ಎಂದು ನೋಡಿ, ಆಮೇಲೆ ನನ್ನನ್ನೂ ಮೇಲಿಂದ ಕೆಳಗೆ ನೋಡಿದ. ‘ನೀ ಇದರಾಗ ಜಾರಿ ಬೀಳ್ತಿ, ಸಣ್ಣದು ಒಯ್ಯಿ’ ಎಂದ. ರೊಕ್ಕ ಸುಗ್ಗಿಗೆ. ಅವನ ಬಳಿ ‘ಗ್ರಾಹಕರ ಅಭಿಪ್ರಾಯ’ ಎಂಬುದು ಇರಲಿಲ್ಲ; ಟ್ಯೂಬು ಸೋರಿದ್ದರೆ ನನ್ನ ಅವ್ವನೇ ಹೋಗಿ ಅಭಿಪ್ರಾಯ ಹೇಳಿ ಬರುತ್ತಿದ್ದಳು.

ನಿಮ್ಮ ಮಾಸ್ಕು ಹೊಂದುತ್ತದೋ ಇಲ್ಲವೋ ತಿಳಿಯಲು ಬುಟ್ಟಿಯೂ ಬೇಡ. ಪಟ್ಟಿ ಕಟ್ಟದೆ ಮುಖಕ್ಕೆ ಒತ್ತಿ ಮೂಗಿನಿಂದ ಉಸಿರೆಳೆದರೆ ಅದು ಕಚ್ಚಿಕೊಂಡು ನಿಲ್ಲಬೇಕು. ನನ್ನ ಮುಖದ ಮೇಲೆ ಅದು ಒಂದು ಗಳಿಗೆ ನಿಂತು ಅಂಗೈಗೆ ಬಿತ್ತು. ಕಾರಣ ಮುರುಡೇಶ್ವರದಲ್ಲಿ ತಿಳಿಯಿತು. ಡೈವಿಂಗ್ ಕೇಂದ್ರದ ಹುಡುಗ ಮಾಸ್ಕನ್ನು ನೋಡಲೇ ಇಲ್ಲ, ನನ್ನ ಮೀಸೆ ನೋಡಿದ. ಸಿಲಿಕಾನಿನ ಅಂಚು ಚರ್ಮಕ್ಕೆ ಅಂಟಬೇಕು, ಕೂದಲಿಗಲ್ಲ. ಮೀಸೆಯ ಎಳೆಗಳ ನಡುವಿನಿಂದ ನೀರು ಒಳಬರುತ್ತದೆ. ಎರಡೇ ದಾರಿ: ಬೋಳಿಸುವುದು, ಇಲ್ಲವೇ ವ್ಯಾಸಲೀನು ಮೆತ್ತುವುದು. ಅಪ್ಪನ ಕಾಲದಿಂದ ಬಂದ ಮೀಸೆಯನ್ನು ನಿಮ್ಮ ರಬ್ಬರಿಗಾಗಿ ತೆಗೆಯುವ ಮಾತೇ ಇಲ್ಲ, ವ್ಯಾಸಲೀನು ಗೆದ್ದಿತು. ಆಮೇಲೆ ಅವನು ಮೂರು ಮಾಸ್ಕು ಒತ್ತಿ ನೋಡಿ ನಾಲ್ಕನೆಯದು ಕೊಟ್ಟ. ಹೊಸಬರಿಗೆ ಸಲಕರಣೆಯೆಲ್ಲ ಶುಲ್ಕದಲ್ಲೇ ಬರುತ್ತದೆ, ಏನನ್ನೂ ಕೊಳ್ಳಬೇಕಾಗಿಯೇ ಇರಲಿಲ್ಲ ಎಂಬುದನ್ನೂ ಆಗಲೇ ಹೇಳಿದ. ಇದನ್ನು ನೀವು ಹೇಳಲಿಲ್ಲ. ಹೇಳಿದ್ದರೆ ನಾವು ಗಿರಾಕಿ ಆಗುತ್ತಿರಲಿಲ್ಲವಲ್ಲ.

ಊರ ಕಡೆಯ ಅಂಗಡಿಗಳೆಲ್ಲ ಸತ್ಯಹರಿಶ್ಚಂದ್ರನ ವಂಶವೇನಲ್ಲ. ನಿಮಗಿಂತ ಮೊದಲು ಪೇಟೆಯ ಒಂದು ಅಂಗಡಿಯವರು ಈಜುಕೊಳದ ಕನ್ನಡಕ ತೋರಿಸಿ ‘ಇದೂ ಅದೇ ರಿ’ ಎಂದಿದ್ದರು. ಅದು ಮೂಗು ಮುಚ್ಚುವುದಿಲ್ಲ. ಕೆಳಗಿಳಿದಂತೆ ನೀರು ಒತ್ತುತ್ತದೆ. ಮೂಗಿನಿಂದ ಒಳಗೆ ಗಾಳಿ ಬಿಟ್ಟು ಸರಿದೂಗಿಸದಿದ್ದರೆ ಕಣ್ಣು ಕೆಂಪಗೆ ಊದುತ್ತದೆ. ಬಣ್ಣಬಣ್ಣದ ಕನ್ನಡಕ ಮಾತ್ರ ಚೆಂದವಿತ್ತು.

ಈಗ ನೀವು ದಿನಾ ಕಳಿಸುತ್ತಿರುವ ರೆಗ್ಯುಲೇಟರಿನ ಜಾಹೀರಾತಿನ ಬಗ್ಗೆ. ಕಾಲಿನ ಫಿನ್ನು ಬೇಕಿದ್ದರೆ ನಿಮ್ಮಲ್ಲೇ ಕೊಳ್ಳುತ್ತೇನೆ; ಬೆರಳು ಕಚ್ಚಿದರೆ ವಾಪಸು ಕಳಿಸಬಹುದು. ರೆಗ್ಯುಲೇಟರು ಹಾಗಲ್ಲ. ಸಿಲಿಂಡರಿನಲ್ಲಿ ಸುಮಾರು 200 ಬಾರ್ ಒತ್ತಡದ ಗಾಳಿ. ಹತ್ತು ಮೀಟರು ಇಳಿದರೆ ಮೈಮೇಲಿನ ಒತ್ತಡ ಇಮ್ಮಡಿ. ಅಲ್ಲಿ ಎದೆಗೆ ಬೇಕಾದಷ್ಟನ್ನೇ ಅಳೆದು ಕೊಡುವ ಯಂತ್ರ ಅದು, ವರ್ಷಕ್ಕೊಮ್ಮೆಯಾದರೂ ಬಿಚ್ಚಿ ನೋಡಬೇಕಾದದ್ದು. ಬಿಚ್ಚುವವರು ಯಾರು? 1943ರಲ್ಲಿ ಕೂಸ್ತೋ ಎಂಬ ಮುಳುಗುಗಾರ ಇಂಥದೇ ಯಂತ್ರ ಕಚ್ಚಿ ನೀರಿಗಿಳಿದದ್ದು ಗಾನ್ಯಾನ್ ಎಂಬ ಎಂಜಿನಿಯರು ಯುದ್ಧಕಾಲದಲ್ಲಿ ಕಾರುಗಳನ್ನು ಗ್ಯಾಸಿನಿಂದ ಓಡಿಸಲು ಮಾಡಿದ್ದ ಕವಾಟವನ್ನು ಮಾರ್ಪಡಿಸಿಕೊಂಡು. ಇದು ತಿಳಿದಾಗಿನಿಂದ ನಮ್ಮ ಟ್ರ್ಯಾಕ್ಟರ್ ಮೆಕ್ಯಾನಿಕ್ ‘ನಾ ಮಾಡ್ತೀನಿ ತಗೊಂಬರ್ರಿ’ ಎನ್ನುತ್ತಿದ್ದಾನೆ. ಪಂಕ್ಚರ್ ಅಂಗಡಿಯ ಮಾಮಾ ಸಿಲಿಂಡರಿಗೆ ಹವಾ ತುಂಬಲೂ ಸಿದ್ಧ. ಅವನ ಕಂಪ್ರೆಸರಿನ ಹವಾದಲ್ಲಿ ಎಣ್ಣೆಯ ವಾಸನೆ ಇರುತ್ತದೆ, ಅಷ್ಟೇ. ವೈಶಂಪಾಯನ ಸರೋವರದ ತಳದಲ್ಲಿ ಕೂತ ದುರ್ಯೋಧನನಿಗೆ ಜಲಮಂತ್ರವಿತ್ತು, ಭೀಮ ದಡದ ಮೇಲಿದ್ದ. ನಮಗೆ ಮಂತ್ರವಿಲ್ಲ, ಭೀಮೆಯೇ ನೀರು.

ಮಾಸ್ಕು ಹಿಂದಿರುಗಿಸಲು ಹೋದೆ. ‘ಕಾರಣ ಆರಿಸಿ’ ಎಂದಿರಿ. ಬಣ್ಣ ಬೇರೆ, ಅಳತೆ ಬೇರೆ, ಮನಸ್ಸು ಬದಲಾಗಿದೆ... ಮೀಸೆ ಎಂಬುದು ಪಟ್ಟಿಯಲ್ಲಿರಲಿಲ್ಲ. ‘ಇತರೆ’ ಒತ್ತಿ ವಿವರ ಬರೆಯುವಷ್ಟರಲ್ಲಿ ಗಡುವು ಮುಗಿಯಿತು.

ಒಂದು ಸಮಾಧಾನವಿದೆ. ಮೀಸೆಯಿಲ್ಲದ ನನ್ನ ಹೆಂಡತಿಯ ಮುಖಕ್ಕೆ ಅದು ಪಟ್ಟಿ ಕಟ್ಟದೆಯೂ ಗಟ್ಟಿಯಾಗಿ ಕಚ್ಚಿ ನಿಲ್ಲುತ್ತದೆ. ಕೆಂಪು ಖಾರ ಕುಟ್ಟುವಾಗ ಹಾಕಿಕೊಳ್ಳುತ್ತಾಳೆ. ಕಣ್ಣುರಿಯಿಲ್ಲ, ಸೀನಿಲ್ಲ. ಬಾಯಿಂದ ಉಸಿರಾಡಬೇಕಾದ್ದರಿಂದ ಕೆಮ್ಮು ಮಾತ್ರ ನಿಂತಿಲ್ಲ. ಅದಕ್ಕೂ ರೆಗ್ಯುಲೇಟರ್ ತರಿಸಲೇನು ಎಂದು ನಿನ್ನೆ ಒನಕೆ ಹಿಡಿದೇ ಕೇಳಿದಳು.

ಇತಿ,
ನಿಮ್ಮ ಗಿರಾಕಿ