ಗಬ್ಬರ್ ಮನೆ ಎಲ್ಲಿ?

(ರಾಮನಗರ, ರಾಮದೇವರ ಬೆಟ್ಟದ ಬುಡ. ಎಳನೀರಿನವನ ಮುಂದೆ ಬೆಂಗಳೂರಿನ ಕಾರು ನಿಲ್ಲುತ್ತದೆ.)

‘ಏನಪ್ಪಾ, ‘ಶೋಲೆ’ ಸಿನಿಮಾದ ಠಾಕೂರನ ಮನೆ ಯಾವ ಕಡೆ?’

‘ಬಿಚ್ಚಾಕಿದ್ರು ಸಾರ್. ಶೂಟಿಂಗ್ ಮುಗೀತು, ರಾಮಗಢ ಹಳ್ಳೀನೂ ಮುಗೀತು.’

‘ವೀರೂ ಹತ್ತಿದ ನೀರಿನ ಟ್ಯಾಂಕು?’

‘ಅದೂ ಸೆಟ್ಟೇ.’

‘ರೈಲು ದರೋಡೆ ಜಾಗಾನಾದ್ರೂ ತೋರ್ಸು.’

‘ಅದಕ್ಕೆ ಮುಂಬೈ ತಾವ ಪನ್ವೇಲ್‌ಗೆ ಹೋಗ್ಬೇಕು.’

‘ಮತ್ತೆ ಇಲ್ಲೇನಿದೆ?’

‘ಬಂಡೆ ಅವೆ. ಸಿನಿಮಾ ಬಂದಿದ್ದು 1975ರಲ್ಲಿ, ಇವು ಅದಕ್ಕೂ ಸ್ವಲ್ಪ ಮುಂಚಿನವು.’

(ಸ್ವಲ್ಪ ಎಂದರೆ, ಭೂವಿಜ್ಞಾನಿಗಳ ಲೆಕ್ಕದಲ್ಲಿ ಸುಮಾರು 250 ಕೋಟಿ ವರ್ಷ. ಪ್ರಚಾರ ಸಾಲಲಿಲ್ಲ, ಅಷ್ಟೆ.)

‘ನಮ್ಮ ಹುಡುಗ ಗಬ್ಬರ್ ಥರ ಅರಚಿ ರೀಲ್ ಮಾಡ್ಬೇಕಂತೆ.’

‘ಅರಚಂಗಿಲ್ಲ ಸಾರ್. 2012ರಿಂದ ಇದು ರಣಹದ್ದು ಧಾಮ. ಬಂಡೆ ಸಂದೀಲಿ ಗೂಡು ಕಟ್ತವೆ, ಸದ್ದಾದ್ರೆ ಬೆದರ್ತವೆ.’

‘ರಣಹದ್ದು ಸಿನಿಮಾದಲ್ಲಿತ್ತಾ?’

‘ಗೊತ್ತಿಲ್ಲ.’

‘ಹಾಗಾದ್ರೆ ನೋಡಿ ಏನುಪಯೋಗ?’

‘ಬೆಟ್ಟದ ಮೇಲೆ ರಾಮನ ಗುಡಿ ಐತೆ.’

‘ಅಮಿತಾಭ್ ಅಲ್ಲಿ ಕೈ ಮುಗಿದಿದ್ರಾ?’

(ಎಳನೀರಿನವನಿಗೆ ಜ್ಞಾನೋದಯ.)

‘ಅದು ಬಿಡಿ ಸಾರ್. ಬಸಂತಿ ಕುಡಿದಿದ್ದು ಇದೇ ಮರದ ಎಳನೀರು. ಹತ್ತು ರೂಪಾಯಿ ಜಾಸ್ತಿ ಆಯ್ತದೆ.’

‘ಹೌದಾ! ನಾಲ್ಕು ಕೊಚ್ಚು!’

‘ಅವಳ ಕುದುರೆಗೂ ಒಂದು ಕೊಟ್ಟಿದ್ವಿ ಸಾರ್.’

‘ಐದು!’