ಹೆಂಗೂ ಮನೇಲೇ ಇರ್ತೀಯಲ್ಲ!

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬುಕರ್ ಬಂತಲ್ಲ, ಆ ವಾರ ನಮ್ಮೂರು ನಲ್ಲೂರಿನಲ್ಲಿ ನನ್ನ ಬೆಲೆಯೂ ಒಂಚೂರು ಏರಿತ್ತು. ಕಾರಣ ಸಾಹಿತ್ಯವಲ್ಲ, ದುಡ್ಡು. ಐವತ್ತು ಸಾವಿರ ಪೌಂಡು, ಬರೆದವರಿಗೂ ಇಂಗ್ಲಿಷಿಗೆ ತಂದ ದೀಪಾ ಭಾಸ್ತಿಯವರಿಗೂ ಸಮಪಾಲು ಅಂತ ಟೀವಿಯವರು ಹೇಳಿದ್ದೇ ತಡ, ಪಕ್ಕದ ಮನೆ ದೊಡ್ಡಪ್ಪ ಜಗಲಿ ಮೇಲೆ ಲೆಕ್ಕಕ್ಕೆ ಕೂತರು. ಚನ್ನಗಿರಿ ಸೀಮೆಯಲ್ಲಿ ಯಾವ ಲೆಕ್ಕವೂ ರೂಪಾಯಿಗೆ ಮುಗಿಯುವುದಿಲ್ಲ, ರಾಶಿ ಅಡಿಕೆಗೆ ಬಂದೇ ನಿಲ್ಲಬೇಕು. ಆಗ ಕ್ವಿಂಟಾಲಿಗೆ ಐವತ್ತು ಸಾವಿರ ದಾಟಿತ್ತು.

"ಒಬ್ಬೊಬ್ಬರಿಗೆ ಐವತ್ತು ಕ್ವಿಂಟಾಲ್ ಹತ್ತತ್ರ ಆತಲ್ಲವ್ವ! ಬೋರ್ ಕೊರೆಸಂಗಿಲ್ಲ, ಗೊಬ್ಬರ ಹಾಕಂಗಿಲ್ಲ. ನೀನೂ ಬರೀತೀಯಂತಲ್ಲ, ನಿಂದು ಯಾವಾಗ ಬರ್ತೈತಿ?"

ಬುಕರ್ ಬಂದ ಪುಸ್ತಕದ ಹನ್ನೆರಡು ಕಥೆಗಳು ಬಾನು ಅವರು ಮೂವತ್ತು ಚಿಲ್ಲರೆ ವರ್ಷದಲ್ಲಿ ಬರೆದದ್ದು, ಹಾಸನದಲ್ಲಿ ವಕೀಲಿಕೆ, ಸಂಸಾರ ಎಲ್ಲ ಇಟ್ಟುಕೊಂಡೇ ಬರೆದದ್ದು ಅಂತ ವಿವರಿಸಿದೆ. "ಮೂವತ್ತು ವರ್ಷಾನಾ? ಅಡಿಕೆ ಸಸಿ ಐದಾರು ವರ್ಷಕ್ಕೇ ಫಸಲಿಗೆ ಬರ್ತೈತಿ" ಅಂದು ಪಂಚೆ ಕೊಡವಿ ಎದ್ದರು. ನನ್ನ ರೇಟು ಅವತ್ತೇ ಇಳಿಯಿತು.

ನನ್ನದು ಬುಕರ್ ಬಾಬತ್ತಿನ ಬರವಣಿಗೆಯಲ್ಲ ಬಿಡಿ. ಸ್ಮರಣ ಸಂಚಿಕೆಗಳ ಕರಡು ತಿದ್ದುವುದು, ಬೆಂಗಳೂರಿನವರ ಜಾಹೀರಾತಿಗೆ ಕನ್ನಡ ಹೊಂದಿಸುವುದು, ಮಿಕ್ಸಿಯ ಜೊತೆ ಬರುವ ಪುಸ್ತಕವನ್ನು ಮಿಕ್ಸಿ ಕೊಂಡವರಿಗೆ ಅರ್ಥವಾಗುವಂತೆ ಮಾಡುವುದು, ನಿವೃತ್ತ ಮೇಷ್ಟ್ರುಗಳ ಆತ್ಮಕಥೆಯಿಂದ ಆತ್ಮಪ್ರಶಂಸೆಯನ್ನು ಅವರಿಗೆ ಗೊತ್ತಾಗದ ಹಾಗೆ ತೆಗೆಯುವುದು. ಕಚೇರಿ ಅಂದರೆ ಅಡಿಕೆ ಚೀಲ ಪೇರಿಸುವ ಕೋಣೆ. ಸಿಬ್ಬಂದಿ ಇಬ್ಬರು: ಮೂರನೇ ಕ್ಲಾಸಿನ ಮಗಳು, ಅಂಗನವಾಡಿಗೆ ಹೋಗುವ, ಅಂದರೆ ಹೋಗೆಂದರೆ ಅಳುವ, ಮಗ.

ಮೊನ್ನೆ ಬೆಂಗಳೂರಿನವರ ಜೊತೆ ರೇಟಿನ ಮಾತು ನಡೆಯುತ್ತಿತ್ತು. ನಾನು ದನಿಯನ್ನು ಆದಷ್ಟೂ ಗಂಭೀರ ಮಾಡಿ "ನಮ್ಮಲ್ಲಿ ಗುಣಮಟ್ಟಕ್ಕೆ ಆದ್ಯತೆ" ಅನ್ನುತ್ತಿದ್ದೆ. ಹಿತ್ತಲಿಂದ ಸಿಬ್ಬಂದಿಯ ಕೂಗು: "ಅಮ್ಮಾ, ಆಯ್ತೂ! ತೊಳಿ ಬಾ!"

"ಯಾರೋ ಕರೀತಿದ್ದಾರೆ ಅನ್ಸುತ್ತೆ ಮೇಡಂ."

"ಮ್ಯಾನೇಜರ್ ಸಾರ್. ಅರ್ಜೆಂಟ್ ಫೈಲು."

ಇದೆಲ್ಲ ಹೇಗೋ ನಿಭಾಯಿಸಬಹುದು. ಊರಿನವರ ಪ್ರೀತಿಯನ್ನು ನಿಭಾಯಿಸುವುದು ಕಷ್ಟ. ಹೆಂಗೂ ಮನೇಲೇ ಇರ್ತೀಯಲ್ಲ ಅಂತ ಇಡೀ ಬೀದಿಯ ಬೀಗದ ಕೈ ನನ್ನ ಹತ್ತಿರ. ಪಕ್ಕದವರ ಸಿಲಿಂಡರ್ ಇಳಿಸಿಕೊಳ್ಳುವವಳು ನಾನು. ತೋಟದ ಫಸಲು ಗುತ್ತಿಗೆ ಹಿಡಿಯುವ ಖೇಣಿದಾರ ಬಂದರೆ ಕಾಫಿ ಕೊಟ್ಟು ಕೂರಿಸುವವಳು ನಾನು. ಗೃಹಲಕ್ಷ್ಮಿಯ 2,000 ರೂಪಾಯಿ ಬಂತೋ ಇಲ್ಲವೋ ಅಂತ ಎಲ್ಲರ ಮೊಬೈಲಿನ ಮೆಸೇಜು ಓದಿ ಹೇಳುವವಳೂ ನಾನೇ. ಕಂಪ್ಯೂಟರ್ ಮುಂದೆ ಕೂತಿದ್ದು ಕಂಡರೆ "ಪುರುಸೊತ್ತಾಗಿದೀಯೇನವ್ವ?" ಅಂತ ಒಳಗೇ ಬರುತ್ತಾರೆ. ಅದೇ ಮೊರ ಹಿಡಿದು ಅಕ್ಕಿ ಆರಿಸುತ್ತಿದ್ದರೆ "ಕೆಲ್ಸದಾಗಿದೀಯ, ಆಮೇಲ್ ಬರ್ತೀನಿ" ಅಂತ ಹೊರಟುಬಿಡುತ್ತಾರೆ. ಈಗ ನಾನು ಕಂಪ್ಯೂಟರ್ ಪಕ್ಕ ಒಂದು ಮೊರ ಇಟ್ಟುಕೊಂಡಿದ್ದೇನೆ.

ನಾಮಕರಣದ ಕಾರ್ಡು, ಶ್ರದ್ಧಾಂಜಲಿಯ ಫ್ಲೆಕ್ಸು, ಬೀಳ್ಕೊಡುಗೆಯ ಅಭಿನಂದನಾ ಪತ್ರ ಇವುಗಳಿಗೆಲ್ಲ "ನಾಕ್ ಸಾಲು ಬರ್ಕೊಡವ್ವ" ಅಂತಾರೆ. ಫ್ಲೆಕ್ಸಿನವನಿಗೆ ಚದರಡಿ ಲೆಕ್ಕ, ಶಾಮಿಯಾನದವನಿಗೆ ದಿನದ ಲೆಕ್ಕ, ಬರೆದವಳಿಗೆ "ದೇವ್ರು ನಿಂಗೆ ಒಳ್ಳೇದ್ ಮಾಡ್ಲಿ". ದೇವರಿಗೂ ನನ್ನ ಹಾಗೆ ಬಾಕಿ ಬಿಲ್ಲು ಬಹಳ ಇರಬೇಕು.

ನನ್ನ ಬಿಸಿನೆಸ್ಸಿಗೆ ಸರಿಯಾದ ಸಲಹೆ ಕೊಟ್ಟವರು ಅಡಿಕೆ ಸುಲಿಯಲು ಬರುವ ಹೆಂಗಸರು. ಊರಿಗೆ ಸುಲಿಯುವ ಮೆಷಿನ್ ಬಂದಿದ್ದರೂ ಮೆಟ್ಟುಗತ್ತಿ ಮುಂದೆ ಕೂರುವವರು ಇನ್ನೂ ಇದ್ದಾರೆ. ಎಡಗೈಯಲ್ಲಿ ಕಾಯಿ, ಕತ್ತಿಗೆ ಒಂದು ಒತ್ತು, ಸಿಪ್ಪೆ ಅತ್ತ, ಅಡಿಕೆ ಇತ್ತ, ಬಾಯಲ್ಲಿ ಊರಿನ ಸಮಾಚಾರ. ಸಂಜೆ ತೂಕ ಹಾಕಿಸಿ ಕೆಜಿ ಲೆಕ್ಕದಲ್ಲಿ ದುಡ್ಡು ಎಣಿಸಿಕೊಂಡೇ ಮೇಲೇಳುವುದು. ಅವರಲ್ಲೊಬ್ಬಾಕೆ ಕೇಳಿದಳು:

"ನಿಮ್ಗೆ ಕೆಜಿಗೆ ಎಷ್ಟು ಅಕ್ಕಾರೆ?"

"ಕೆಜಿಗಲ್ಲ, ಪದಕ್ಕೆ ಇಷ್ಟು ಅಂತ."

"ಸಣ್ಣ ಪದಕ್ಕೂ ದೊಡ್ಡ ಪದಕ್ಕೂ ಒಂದೇ ರೇಟಾ?"

"ಹೂಂ."

"ಮತ್ಯಾಕ್ ದೊಡ್ಡದು ಬರೀತೀರಿ?"

ಅನುವಾದಕರ ಸಂಕಟ ಇದರಲ್ಲೇ ಇದೆ. ಇಂಗ್ಲಿಷಿನ ಐದಾರು ಪದ ಕನ್ನಡದಲ್ಲಿ "ಹೋಗಬೇಕಾಗಿರಲಿಲ್ಲವಂತೆ" ಅಂತ ಅಂಟಿಕೊಂಡು ಒಂದೇ ಆಗುತ್ತದೆ. ಕನ್ನಡದ ಪದ ಎಣಿಸಿ ದುಡ್ಡು ಕೊಟ್ಟರೆ ವ್ಯಾಕರಣವೇ ನಮ್ಮ ಜೇಬಿಗೆ ಕತ್ತರಿ. ಅಂದಿನಿಂದ ಮೂಲದ ಪದ ಎಣಿಸಿಯೇ ಬಿಲ್ಲು ಮಾಡುತ್ತೇನೆ. ಆ ಸುಲಿಯುವಾಕೆ "ತೂಕ ಆಗದೆ ಮಾಲು ಬಿಡಬ್ಯಾಡ್ರಿ" ಅಂತಲೂ ಅಂದಿದ್ದಳು, ಆ ಸಲಹೆ ಪಾಲಿಸುವುದಕ್ಕೆ ಮಾತ್ರ ಇನ್ನೂ ನಾಚಿಕೆ ಅಡ್ಡ ಬರುತ್ತದೆ.

ನಮ್ಮ ಅತ್ತೆಗೆ ತ್ರಿವೇಣಿ, ಎಂ.ಕೆ. ಇಂದಿರಾ, ವಾಣಿ ಅಂದರೆ ಪ್ರಾಣ. 'ಶರಪಂಜರ' ಪುಸ್ತಕವೂ ಸಿನಿಮಾವೂ ಬಾಯಿಪಾಠ. ಸೊಸೆ ಬರೆಯುತ್ತೇನೆಂದು ಕೂತರೆ ಮಾತ್ರ ಒಲೆ ಮೇಲಿನ ಹಾಲಿನ ಚಿಂತೆ. "ಇಂದಿರಾ ಅವ್ರು ಕಾದಂಬರಿ ಶುರು ಮಾಡಿದ್ದು ನಲವತ್ತೈದಕ್ಕೆ ಕಣವ್ವ, ನಿಂಗೇನ್ ಅವಸರ?" ಅನ್ನುತ್ತಾರೆ. ಮಾತು ಸುಳ್ಳಲ್ಲ. ತೀರ್ಥಹಳ್ಳಿಯಲ್ಲಿ ಹುಟ್ಟಿದವರು, ಹನ್ನೆರಡಕ್ಕೇ ಮದುವೆ, 'ತುಂಗಭದ್ರ' ಅಚ್ಚಾದದ್ದು 1963ರಲ್ಲಿ, 'ಫಣಿಯಮ್ಮ' 1976ರಲ್ಲಿ. ಆದರೆ ಅದೇ 1963ರಲ್ಲಿ ತ್ರಿವೇಣಿ ಹೋಗಿಬಿಟ್ಟರು, ಹೆರಿಗೆಯಾದ ಬೆನ್ನಿಗೆ, ಮೂವತ್ತೈದು ತುಂಬುವ ಮೊದಲೇ. ಅಷ್ಟರೊಳಗೆ, ಹತ್ತೇ ವರ್ಷದಲ್ಲಿ, ಇಪ್ಪತ್ತು ಕಾದಂಬರಿ ಬರೆದಿದ್ದರು. ಇದನ್ನು ಹೇಳಿದಾಗ ಅತ್ತೆ ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು "ಹಂಗಾರೆ ಬರಿ, ಹಾಲು ನಾನ್ ನೋಡ್ಕಂತೀನಿ" ಅಂದರು. ಹಾಲು ಉಕ್ಕಿತು. ಅವರು ಟೀವಿಯಲ್ಲಿ ಧಾರಾವಾಹಿ ನೋಡುತ್ತಿದ್ದರು.

ಫಾಂಟಿನ ಗೋಳು ಬೇರೆ. ಬೆಂಗಳೂರಿನವರಿಗೆ ಯೂನಿಕೋಡ್ ಬೇಕು, ಪ್ರೆಸ್ಸಿನವರಿಗೆ ನುಡಿಯೇ ಆಗಬೇಕು. ಕೆ.ಪಿ. ರಾವ್ ಹಾಕಿಕೊಟ್ಟ ಕೀಲಿಮಣೆ ವಿನ್ಯಾಸದ ದಯೆಯಿಂದ ಬೆರಳಿಗೆ ತೊಂದರೆಯಿಲ್ಲ. ಆದರೆ ಯೂನಿಕೋಡಿನಿಂದ ನುಡಿಗೆ ಬದಲಾಯಿಸುವಾಗ ಅರ್ಕಾವತ್ತು ಜಾಗ ಬಿಟ್ಟು ಓಡುತ್ತದೆ. ಒಬ್ಬ ಮೇಷ್ಟ್ರ ಆತ್ಮಕಥೆಯಲ್ಲಿ ಧರ್ಮಪತ್ನಿಯವರು 'ಧಮಪತ್ನಿ' ಆಗಿದ್ದರು. ಕರಡು ನೋಡಿದ ಮೇಷ್ಟ್ರು ದನಿ ತಗ್ಗಿಸಿ, "ಇರ್ಲಿ ಬಿಡಮ್ಮ, ಹಿಂಗೇ ಸರಿಯಾಗಿದೆ" ಅಂದರು.

ಇನ್ನೊಬ್ಬರು ನಮ್ಮ ಸೂಳೆಕೆರೆ ಬಗ್ಗೆ ಪ್ರವಾಸದ ಬರಹ ಬರೆಸಿದರು. ಕೆರೆ, ಏರಿ, ಶಾಂತವ್ವನ ಕಥೆ, ಜೊತೆಗೆ ಸಂತೇಬೆನ್ನೂರಿನ ಪುಷ್ಕರಣಿ ಎಲ್ಲ ಸೇರಿಸಿ ಕಳಿಸಿದೆ. ಫೋನು ಬಂತು: "ಶಾಂತಿಸಾಗರ ಅಂತಲೂ ಹೆಸರಿದೆಯಲ್ಲ ಮೇಡಂ, ಬೀಚ್ ಬಗ್ಗೆ ಎರಡು ಸಾಲು ಹಾಕಿ." ಚನ್ನಗಿರಿಗೆ ಬೀಚ್ ತರುವುದಕ್ಕೆ ಪದದ ಲೆಕ್ಕ ಸಾಲದು, ಅದಕ್ಕೆ ಬೇರೆ ಟೆಂಡರ್ ಕರೆಯಬೇಕು ಅಂದೆ. ಮತ್ತೆ ಅವರು ಫೋನು ಮಾಡಿಲ್ಲ. ದುಡ್ಡನ್ನೂ ಹಾಕಿಲ್ಲ.

ಹಾಗಂತ ದುಡ್ಡು ಬರುವುದೇ ಇಲ್ಲ ಅಂತಲ್ಲ. ನೂರಕ್ಕೆ ಹತ್ತು ಟಿಡಿಎಸ್ ಮುರಿದುಕೊಂಡು ಉಳಿದದ್ದನ್ನು ಖಾತೆಗೆ ಹಾಕುವ ಪುಣ್ಯಾತ್ಮರು ಇದ್ದಾರೆ. ಮುರಿದದ್ದನ್ನೂ ರಿಟರ್ನ್ ಹಾಕಿ ವಾಪಸ್ ತರಿಸಿದೆ. ಆ ಮೆಸೇಜು ನೋಡಿದ ನಮ್ಮ ಯಜಮಾನರು "ಸರ್ಕಾರದೋರು ನಿಂಗ್ಯಾಕ್ ದುಡ್ ಹಾಕಿದಾರೆ?" ಅಂತ ಗಾಬರಿಯಾದರು. ಅಂದಿನಿಂದ ನೆಂಟರ ಮುಂದೆ "ನಮ್ಮನೇಲಿ ಬಿಸಿನೆಸ್ ಐತಿ" ಅನ್ನುತ್ತಾರೆ. ಅದಕ್ಕೆ ಮುಂಚೆ "ಏನೋ ಟೈಪ್ ಮಾಡ್ತಿರ್ತಾಳೆ" ಆಗಿತ್ತು. ವರ್ಷಕ್ಕೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಆಗಬೇಕಂತೆ. ಆ ಕಷ್ಟ ಬೇಗ ಬರಲಿ ಅಂತ ಹರಕೆ ಹೊತ್ತಿದ್ದೇನೆ.

ಇಷ್ಟು ಹೊತ್ತು ಓದಿದಿರಲ್ಲ, ನಿಮ್ಮ ಮನೆಯಲ್ಲೂ ಗೃಹಪ್ರವೇಶವೋ ನಾಮಕರಣವೋ ಇರಬಹುದು. ಬನ್ನಿ, ಸಂತೋಷವಾಗಿ ಬರೆದುಕೊಡುತ್ತೇನೆ. ಮಧ್ಯಾಹ್ನ ಒಂದರಿಂದ ಮೂರರವರೆಗೆ ಫೋನು ಬೇಡ, ಮ್ಯಾನೇಜರ್ ಮಲಗಿರುತ್ತಾರೆ. ಅರ್ಧ ದುಡ್ಡು ಮುಂಗಡ, ಉಳಿದರ್ಧ ಫೈಲು ಕಳಿಸುವ ಮುಂಚೆ. ಮಂಡಕ್ಕಿ ಮೆಣಸಿನಕಾಯಿ ತಂದರೆ ಬೇಡ ಅನ್ನುವುದಿಲ್ಲ, ಆದರೆ ಅದನ್ನು ಬಿಲ್ಲಿನಲ್ಲಿ ಮುರಿದುಕೊಳ್ಳುವುದಿಲ್ಲ.