ಬಂಪರ್ ರಾಯರು

ಬೆಂಗಳೂರಿನ ಯಾವುದೇ ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿಗೆ ಹೋಗಿ, ಒಬ್ಬರು ಬಂಪರ್ ರಾಯರು ಇದ್ದೇ ಇರುತ್ತಾರೆ. ನಿವೃತ್ತರು. ಬ್ಯಾಂಕಿನ ಇನ್‌ಸ್ಪೆಕ್ಷನ್ ವಿಭಾಗದಲ್ಲಿ ಇದ್ದವರಾದರಂತೂ ಕೇಳುವುದೇ ಬೇಡ. ಕಾರು ಹಳೆಯದು, ಸೀಟಿನ ಪ್ಲಾಸ್ಟಿಕ್ ಕವರು ಮಾತ್ರ ಶೋರೂಮಿನದೇ. ಐದು ವರ್ಷ ಒಂದೂ ಕ್ಲೇಮ್ ಮಾಡದೆ ಗಳಿಸಿದ 50% ನೋ ಕ್ಲೇಮ್ ಬೋನಸ್ಸನ್ನು ಮಗಳ ರ‍್ಯಾಂಕಿಗಿಂತ ಮೊದಲು ಹೇಳುತ್ತಾರೆ. ಬೆಳಿಗ್ಗೆ ಕಾಫಿ ಲೋಟ ಹಿಡಿದು ಕಾರಿಗೆ ಒಂದು ಪ್ರದಕ್ಷಿಣೆ.

ಬಂಪರ್ ಇರುವುದೇ ಏಟು ತಿನ್ನುವುದಕ್ಕೆ ಎಂದು ಅವರ ಮುಂದೆ ಅನ್ನಬಾರದು. "ಹಾಗಾದ್ರೆ ಅದಕ್ಕೂ ಕಾರಿನ ಬಣ್ಣವೇ ಯಾಕ್ರೀ ಬಳಿದ್ರು?" ನನ್ನ ಹತ್ತಿರವೂ ಇದಕ್ಕೆ ಉತ್ತರವಿಲ್ಲ. ಅಂಬಾಸಿಡರಿನ ಉಕ್ಕಿನ ಬಂಪರ್ ತಗುಲಿದರೆ ಕಂಬವೇ ಕ್ಷಮೆ ಕೇಳುತ್ತಿತ್ತು. ಈಗಿನದು ಪ್ಲಾಸ್ಟಿಕ್ಕು. ಅದರ ಮೇಲೆ ಪ್ರೈಮರ್, ಬಣ್ಣ, ಎಲ್ಲಕ್ಕಿಂತ ಮೇಲೆ ಸುಮಾರು 40–50 ಮೈಕ್ರಾನಿನ ಕ್ಲಿಯರ್ ಕೋಟು. ತಲೆಕೂದಲಷ್ಟೂ ದಪ್ಪವಿರದ ಆ ಪದರದಲ್ಲಿ ರಾಯರ ನೆಮ್ಮದಿ ನಿಂತಿದೆ.

ಆಯುಧಪೂಜೆಯ ಮರುದಿನ ಅವರ ವೈಭವ ನೋಡಬೇಕು. ಬಾಳೆಕಂದು ಕಟ್ಟಿದ ಸೆಲ್ಲೋಟೇಪಿನ ಗೋಂದು, ಒದ್ದೆ ಬಟ್ಟೆಯಲ್ಲಿ ಒರೆಸಿ ಗುಲಾಬಿಯಾಗಿಸಿಕೊಂಡ ಕುಂಕುಮ, ಇವನ್ನೆಲ್ಲ ಹೊತ್ತ ಕಾರುಗಳ ಮಾಲೀಕರಿಗೆ ಕರೆಯದೆಯೇ ಸಲಹೆ. "ಗೋಂದಿಗೆ ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಡಿ. ಉಗುರು ಹಾಕಬೇಡಿ. ಪಾತ್ರೆ ತಿಕ್ಕುವ ಹಸಿರು ನಾರು ಮುಟ್ಟಿಸಿದರೆ ನನ್ನ ಹತ್ತಿರ ಮಾತಾಡಬೇಡಿ." ಇದೆಲ್ಲ ಸರಿಯಾದ ಸಲಹೆಯೇ. ಅದೇ ತೊಂದರೆ, ಬೈಯಲೂ ಆಗುವುದಿಲ್ಲ.

ಇಂಥ ರಾಯರ ಹಿಂದಿನ ಬಂಪರಿನ ಎಡಮೂಲೆಯಲ್ಲಿ ಒಂದು ದಿನ ಗೇಣುದ್ದದ ಹಳದಿ ಗೆರೆ.

ಕಾರು ತೊಳೆಯುವ ಹುಡುಗ ಬಗ್ಗಿ ಉಗುರಾಡಿಸಿದ. ಉಗುರು ಎಲ್ಲೂ ಸಿಕ್ಕಿಕೊಳ್ಳಲಿಲ್ಲ. "ನಮ್ ಬಣ್ಣ ಹೋಗಿಲ್ಲ ಸಾರ್, ಬೇರೆ ಬಣ್ಣ ಬಂದು ಕೂತಿದೆ ಅಷ್ಟೇ. ಶಾಂಪೂ ಹಾಕಿ ತೊಳ್ದು, ಚೂರು ಕಾಂಪೌಂಡ್ ಹಚ್ಚಿ ಮೆತ್ತಗೆ ಉಜ್ಜಿದ್ರೆ ಐದ್ ನಿಮಿಷ."

"ಮುಟ್ಟಬೇಡ! ಅದು ಸಾಕ್ಷಿ."

ತನಿಖೆ ಶುರುವಾಯಿತು. ಹಳದಿ ಎಂದಮೇಲೆ ಮೊದಲ ಆರೋಪಿ ಗೇಟಿನ ಹತ್ತಿರ ತಿರುಗಿಸುವ ಸ್ಕೂಲ್ ವ್ಯಾನು. ರಾಯರು ಹೆಂಡತಿಯ ಹೊಲಿಗೆ ಟೇಪು ತಂದು ನೆಲದಿಂದ ಗೆರೆಯ ಎತ್ತರ ಅಳೆದರು, ಆಮೇಲೆ ಮಕ್ಕಳು ಇಳಿಯುತ್ತಿದ್ದಾಗಲೇ ವ್ಯಾನಿನದೂ ಅಳೆದರು. ತಾಳೆಯಾಗಲಿಲ್ಲ. ನಂತರ ಆಟೋ. ನಂತರ ಮೂರನೇ ಮಹಡಿಯ ಹುಡುಗನ ಹಳದಿ ಸ್ಕೂಟರು, ಅವನು ತಿಂಗಳಿಂದ ಊರಲ್ಲೇ ಇರಲಿಲ್ಲ ಎಂಬ ಸಣ್ಣ ಅಡ್ಡಿಯನ್ನೂ ಲೆಕ್ಕಿಸದೆ. ಸಿಸಿಟಿವಿ ತೋರಿಸಿ ಎಂದು ಅಸೋಸಿಯೇಷನ್ನಿಗೆ ಅರ್ಜಿ, ಅದಕ್ಕೆ ಸ್ವೀಕೃತಿ ಮೊಹರು.

"ಸಾರ್, ಹಳದಿ ಪಕ್ಕ ಕಪ್ಪೂ ಇದೆ ನೋಡಿ" ಎಂದ ಹುಡುಗ. ಅವನು ಒರಗಿ ನಿಂತಿದ್ದ ಕಂಬಕ್ಕೆ ಹಳದಿ-ಕಪ್ಪು ಪಟ್ಟೆ ಬಳಿದಿತ್ತು.

ರಾಯರು ಕಂಬವನ್ನು ದಿಟ್ಟಿಸಿದರು. "ಕಂಬ ತಾನಾಗಿ ಬಂದು ಗುದ್ದುತ್ತೇನಯ್ಯಾ? ರಿವರ್ಸ್ ತೆಗೆದವರು ಯಾರು ಅನ್ನೋದು ಪ್ರಶ್ನೆ. ನಾನಂತೂ ಅಲ್ಲ."

ಆ ರಾತ್ರಿ ಊಟಕ್ಕೆ ಕೂತಾಗ ಅವರ ಹೆಂಡತಿ ಹುಳಿ ಬಡಿಸುತ್ತಾ, "ಭಾನುವಾರ ಮಗಳು ಬಂದಿದ್ದಾಗ ಕಾರು ತಗೊಂಡು ಹೋಗಿದ್ಲಲ್ಲಾ, ಅವಳನ್ನೂ ಕರೆಸಿ ಟೇಪ್ ಹಿಡೀತೀರಾ?" ಎಂದರಂತೆ. ರಾಯರು ಮಜ್ಜಿಗೆಗೂ ಕಾಯದೆ ಎದ್ದರಂತೆ.

ಹತ್ತೂವರೆಗೆ ವಾಚ್‌ಮನ್ ಟಾರ್ಚ್ ಹಿಡಿದು ಬೇಸ್‌ಮೆಂಟಿಗೆ ಇಳಿದರೆ, ಪಂಚೆ ಎತ್ತಿ ಕಟ್ಟಿಕೊಂಡು ಕುಕ್ಕರಗಾಲಲ್ಲಿ ಕೂತ ರಾಯರು. ಪಕ್ಕದಲ್ಲಿ ಶಾಂಪೂ ನೀರು, ಕಾಂಪೌಂಡಿನ ಡಬ್ಬಿ, ಹಳೇ ಬನಿಯನ್ ಬಟ್ಟೆ. ಕೊನೆಗೆ ಒಂದು ಕೈ ವ್ಯಾಕ್ಸು.

ಬೆಳಿಗ್ಗೆ ಹುಡುಗ ಬಕೆಟ್ಟು ಇಟ್ಟವನೇ ಬಂಪರ್ ನೋಡಿ ಬೆರಗಾದ. "ಸಾರ್, ಗೆರೆ ಹೋಯ್ತಾ?"

"ಯಾವ ಗೆರೆ?" ಎಂದರು ರಾಯರು. "ನೀನು ನೆಟ್ಟಗೆ ತೊಳೆದಿರಲಿಲ್ಲ, ಅಷ್ಟೇ."